ಹಾಸ್ಯದಲ್ಲಿ ನಿರ್ದಯತೆಯೂ ಸಂಭಾವ್ಯತೆಯೂ: ಅಮೆರಿಕದ ತಡರಾತ್ರಿಯ ಟೆಲಿವಿಷನ್ ವಿನೋದಗಳ ವಿಮರ್ಶೆ

೧

ಹಾಸ್ಯರಸವು ಎಲ್ಲರಿಗೂ ಪ್ರಿಯವಾದುದು. ಆದರೂ ಶೃಂಗಾರಕ್ಕೆ ದೊರೆತ ವಿಸ್ತಾರವಾದ ವಿಚಾರಣೆಯು ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ದೊರೆಯಲಿಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸವನ್ನು ಸ್ಥಾಯಿಭಾವವೆಂದು ಹೇಳಿ, ವಿಕೃತವಾದ ವೇಷ ಮತ್ತು ಅಲಂಕಾರ, ಧಾರ್ಷ್ಟ್ಯ, ಲೌಲ್ಯ, ಕುಹಕ, ಅಸತ್ಪ್ರಲಾಪ, ವ್ಯಂಗದರ್ಶನ, ದೋಷೋದಾಹರಣ ಮೊದಲಾದುವನ್ನು ಅದರ ವಿಭಾವಗಳೆಂದು ಎಣಿಸಿದನು. ಈ ಪಟ್ಟಿಯನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ವಿಕೃತವೇಷವನ್ನು ಕಂಡು ನಗುವುದರಿಂದ ಯಾರಿಗೂ ನೋವಿಲ್ಲ. ಆದರೆ ಕುಹಕವೆಂದರೆ ಸಾಮಾನ್ಯಾರ್ಥದಲ್ಲಿ ವಂಚನೆ; ವ್ಯಂಗದರ್ಶನವೆಂದರೆ ಅಂಗವೈಕಲ್ಯವನ್ನು ಕಾಣುವುದು; ದೋಷೋದಾಹರಣವೆಂದರೆ ಇನ್ನೊಬ್ಬನ ತಪ್ಪನ್ನು ಎತ್ತಿ ಆಡುವುದು. ನಗೆಯ ಕಾರಣಗಳಲ್ಲಿ ಕೆಲವು ಪರರ ಸಂಕಟಕ್ಕೆ ಸಮೀಪವರ್ತಿಗಳೆಂಬುದನ್ನು ಮುನಿಯು ಮರೆಮಾಚಲಿಲ್ಲ.

ಇದರಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಹಾಸ್ಯವು ಎಷ್ಟು ನಿರ್ದಯತೆಯನ್ನು ತಾಳಬಲ್ಲುದು ಎಂಬುದು ಒಂದು. ಹಾಸ್ಯಕ್ಕೆ ಎಷ್ಟರಮಟ್ಟಿನ ಸಂಭಾವ್ಯತೆ, ಎಂದರೆ ‘ಹೀಗೂ ಆಗಿರಬಹುದು’ ಎಂಬ ನಂಬುಗೆ, ಅವಶ್ಯಕ ಎಂಬುದು ಇನ್ನೊಂದು. ಮೊದಲನೆಯದನ್ನು ನೀತಿಯ ಪ್ರಶ್ನೆಯೆಂದೂ ಎರಡನೆಯದನ್ನು ರಚನೆಯ ಪ್ರಶ್ನೆಯೆಂದೂ ಬೇರೆಬೇರೆಯಾಗಿ ವಿಚಾರಿಸುವುದು ವಾಡಿಕೆ. ಆದರೆ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಈ ಲೇಖನದ ಪ್ರತಿಪಾದ್ಯವಾಗಿದೆ. ಇದನ್ನು ಸ್ಥಾಪಿಸಲು ಪ್ರಾಚೀನ ಪ್ರಹಸನಗಳಿಗಿಂತಲೂ ಉಚಿತವಾದ ಲಕ್ಷ್ಯವೊಂದು ಈ ಕಾಲದಲ್ಲಿ ದೊರೆತಿದೆ. ಅದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಾತ್ರಿ ಬಹಳ ಹೊತ್ತಾದ ಮೇಲೆ ಪ್ರಸಾರವಾಗುವ ಟೆಲಿವಿಷನ್ ವಿನೋದಗೋಷ್ಠಿ.

೨

ಆ ಗೋಷ್ಠಿಯ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ೧೯೫೪ರಲ್ಲಿ ಸ್ಟೀವ್ ಆಲೆನ್ ಎಂಬವರು ನ್ಯೂಯಾರ್ಕಿನಿಂದ ‘ಟುನೈಟ್’ ಎಂಬ ಕಾರ್ಯಕ್ರಮವನ್ನು ದೇಶವ್ಯಾಪಿಯಾಗಿ ನಡೆಸತೊಡಗಿದರು. ೧೯೬೨ರಿಂದ ೧೯೯೨ರವರೆಗೆ ಮೂವತ್ತು ವರ್ಷ ಅದನ್ನು ನಡೆಸಿದ ಜಾನಿ ಕಾರ್ಸನ್ ಅವರ ಕೈಯಲ್ಲಿ ಅದರ ರೂಪವು ಸ್ಥಿರವಾಯಿತು. ಸೂತ್ರಧಾರನಂತಿರುವ ಯಜಮಾನನು ಮೊದಲು ನಿಂತು ಆ ದಿನದ ಸುದ್ದಿಗಳ ಮೇಲೆ ಪರಿಹಾಸೋಕ್ತಿಗಳನ್ನು ಆಡುವನು. ಅನಂತರ ಮೇಜಿನ ಹಿಂದೆ ಕುಳಿತು ಅತಿಥಿಗಳೊಡನೆ ಸಂಭಾಷಿಸುವನು. ನಡುನಡುವೆ ಕೆಲವೇ ನಿಮಿಷಗಳ ಸಣ್ಣ ಸಣ್ಣ ವಿನೋದಗಳು ಬರುವುವು. ಇವನ್ನು ಹಾಸ್ಯಖಂಡಗಳೆಂದು ಕರೆಯಬಹುದು. ಕಾರ್ಸನ್ ಅವರು ತಮ್ಮ ಮಾತಿಗೆ ಸಭೆಯು ನಗದೆ ಹೋದಾಗ ಆ ಸೋಲನ್ನೇ ಹಾಸ್ಯಕ್ಕೆ ವಸ್ತುವಾಗಿ ಮಾಡಿಕೊಳ್ಳುತ್ತಿದ್ದುದು ಪ್ರಸಿದ್ಧವಾಗಿದೆ. ೧೯೮೨ರಲ್ಲಿ ಡೇವಿಡ್ ಲೆಟರ್‌ಮನ್, ೧೯೯೨ರಲ್ಲಿ ಜೇ ಲೆನೊ, ೧೯೯೩ರಲ್ಲಿ ಕೋನನ್ ಓಬ್ರಯನ್, ೨೦೦೩ರಲ್ಲಿ ಜಿಮ್ಮಿ ಕಿಮ್ಮೆಲ್ ಎಂಬವರು ತಮ್ಮ ತಮ್ಮ ಗೋಷ್ಠಿಗಳನ್ನು ಆರಂಭಿಸಿದರು. ಇವರ ಕಾಲದಲ್ಲಿ ಹಾಸ್ಯಖಂಡವು ಸಭಾಂಗಣವನ್ನು ಬಿಟ್ಟು ಬೀದಿಗಿಳಿಯಿತು. ಕ್ರಮೇಣ ಪ್ರೇಕ್ಷಕರ ಮನೆಗಳನ್ನೂ ಹೊಕ್ಕಿತು.

ಹೀಗಾದುದಕ್ಕೆ ಕಾರಣವಿದೆ. ನಾಟಕವು ಅಂಕದಿಂದ ಅಂಕಕ್ಕೆ ಪಾತ್ರಗಳನ್ನು ಬೆಳಸಿ ನಂಬುಗೆಯನ್ನು ಸಂಪಾದಿಸುತ್ತದೆ. ಒಂದೇ ಅಂಕದ ಪ್ರಹಸನಕ್ಕೂ ಪ್ರಸ್ತಾವನೆಯಿದೆ, ವೇಷಭಾಷೆಗಳಿವೆ, ಸಂದರ್ಭವಿದೆ. ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯಬೇಕಾದ ಹಾಸ್ಯಖಂಡಕ್ಕೆ ಅಷ್ಟು ಅವಕಾಶವೆಲ್ಲಿಯದು? ತಾನು ಕಟ್ಟಲಾರದ ನಂಬುಗೆಯನ್ನು ಅದು ಲೋಕದಿಂದ ಕಡವಾಗಿ ತರುತ್ತದೆ. ನಟನ ಬದಲು ನಿಜವಾದ ದಾರಿಹೋಕನನ್ನೂ, ರಂಗದ ಬದಲು ನಿಜವಾದ ಅಡಿಗೆಮನೆಯನ್ನೂ, ಕಲ್ಪಿತಳಾದ ತಾಯಿಯ ಬದಲು ನಿಜವಾದ ತಾಯಿಯನ್ನೂ ತಂದು ನಿಲ್ಲಿಸಿದರೆ ಸಂಭಾವ್ಯತೆಯು ಶ್ರಮವಿಲ್ಲದೆ ಸಿದ್ಧಿಸುತ್ತದೆ. ಆದರೆ ನಟಿಸದ ಮನುಷ್ಯನನ್ನು ತಂದರೆ ಅವನ ನೋವೂ ನಟನೆಯಲ್ಲ. ನಂಬುಗೆಯನ್ನು ಕೊಟ್ಟವನೇ ಪೆಟ್ಟನ್ನೂ ತಿನ್ನಬೇಕಾಗುತ್ತದೆ. ಈ ಬಗೆಯ ಹಾಸ್ಯದಲ್ಲಿ ಸಂಭಾವ್ಯತೆಯೂ ನಿರ್ದಯತೆಯೂ ಒಂದನ್ನೊಂದು ಬಿಡದೆ ಬರುವುದಕ್ಕೆ ಇದೇ ಮೂಲಕಾರಣ.

೩

ಸಂಭಾವ್ಯತೆಯ ವಿಷಯದಲ್ಲಿ ಭಾರತೀಯ ಆಲಂಕಾರಿಕರ ಅಭಿಪ್ರಾಯವು ಸ್ಪಷ್ಟವಾಗಿದೆ. ಅಭಿನವಗುಪ್ತನು ಅಭಿನವಭಾರತಿಯಲ್ಲಿ ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳಿ, ಅವುಗಳಲ್ಲಿ ಮೊದಲನೆಯ ಸ್ಥಾನವನ್ನು ಸಂಭಾವನಾವಿರಹಕ್ಕೆ ಕೊಟ್ಟಿದ್ದಾನೆ. ಕಂಡ ವಸ್ತುವು ಸಂಭವಿಸಲಾರದೆಂದು ತೋರಿದರೆ ಸಹೃದಯನ ಚಿತ್ತವು ಅದರಲ್ಲಿ ನೆಲೆನಿಲ್ಲುವುದಿಲ್ಲ. ನೆಲೆನಿಲ್ಲದ ಚಿತ್ತಕ್ಕೆ ಆಸ್ವಾದವಿಲ್ಲ. ಗ್ರೀಕರ ಅರಿಸ್ಟಾಟಲನೂ ನಡೆಯಬಹುದಾದರೂ ನಂಬಲಾಗದುದಕ್ಕಿಂತ ನಡೆಯದಿದ್ದರೂ ನಂಬಬಹುದಾದುದು ಕವಿಗೆ ಉತ್ತಮವೆಂದು ನಿರ್ಣಯಿಸಿದನು. ಅವನೇ ಹಾಸ್ಯದ ವಸ್ತುವು ದೋಷವಾಗಿಯೋ ವಿಕಾರವಾಗಿಯೋ ಇದ್ದರೂ ಅದು ನೋವನ್ನಾಗಲಿ ನಾಶವನ್ನಾಗಲಿ ಉಂಟುಮಾಡದಂತಹುದಾಗಿರಬೇಕೆಂದೂ ಹೇಳಿದನು.

ಆದರೆ ಈ ಆಚಾರ್ಯರ ಲಕ್ಷಣಗಳು ರಂಗಕ್ಕೆ ಸಂಬಂಧಿಸಿದುವು. ಅಲ್ಲಿ ನಟ, ಪ್ರೇಕ್ಷಕ ಎಂದು ಇಬ್ಬರೇ ಇರುವುದರಿಂದ ‘ಸಂಭಾವ್ಯವೆಂದರೆ ಯಾರಿಗೆ?’ ಎಂದು ಕೇಳುವ ಪ್ರಸಕ್ತಿಯಿಲ್ಲ. ಹಾಸ್ಯಖಂಡದಲ್ಲಿಯಾದರೋ ಮೂವರಿದ್ದಾರೆ: ವಿನೋದವನ್ನು ಹೂಡುವ ಪ್ರಯೋಕ್ತೃ, ವಿನೋದಕ್ಕೆ ಗುರಿಯಾಗುವ ಲಕ್ಷ್ಯಪುರುಷ, ನೋಡಿ ನಗುವ ಪ್ರೇಕ್ಷಕ. ಒಂದೇ ಮಾತು ಒಬ್ಬನಿಗೆ ಸಂಭಾವ್ಯವಾಗಿದ್ದು ಇನ್ನೊಬ್ಬನಿಗೆ ಹಾಗಿಲ್ಲದೆ ಇರಬಹುದು. ಆದುದರಿಂದ ಸಂಭಾವ್ಯತೆಯನ್ನು ಇಲ್ಲಿ ಎರಡಾಗಿ ವಿಭಾಗಿಸಬೇಕು. ಹೇಳಿದ ಸುಳ್ಳಿನ ಸಂಭಾವ್ಯತೆಯು ಒಂದು. ಅದರಿಂದಾಗುವ ಹಾನಿಯ ಸಂಭಾವ್ಯತೆಯು ಮತ್ತೊಂದು. ಸುಳ್ಳು ಲಕ್ಷ್ಯಪುರುಷನಿಗೆ ಸಂಭಾವ್ಯವಾಗಿರಬೇಕು. ಇಲ್ಲವಾದರೆ ಅವನು ಮೋಸಹೋಗುವುದಿಲ್ಲ. ಹಾನಿಯು ಪ್ರೇಕ್ಷಕನಿಗೆ ಅಸಂಭಾವ್ಯವಾಗಿರಬೇಕು. ಇಲ್ಲವಾದರೆ ಅವನು ನಗುವುದಿಲ್ಲ. ಈ ಎರಡರ ಅಂತರವೇ ಹಾಸ್ಯದ ಅವಕಾಶ. ಹಾನಿಯೂ ಸಂಭಾವ್ಯವೆಂದು ಪ್ರೇಕ್ಷಕನಿಗೆ ತೋರಿದ ಕ್ಷಣದಲ್ಲಿ ಆ ಅವಕಾಶವು ಮುಚ್ಚಿಹೋಗಿ, ಹಾಸ್ಯವಿದ್ದ ಸ್ಥಳದಲ್ಲಿ ಕರುಣವೋ ಜುಗುಪ್ಸೆಯೋ ತಲೆದೋರುತ್ತದೆ. ಈ ಲಕ್ಷಣವನ್ನು ಇನ್ನು ಉದಾಹರಣೆಗಳಲ್ಲಿ ಪರೀಕ್ಷಿಸಬಹುದು.

೪

ಕಿಮ್ಮೆಲ್ ಅವರ ಗೋಷ್ಠಿಯಲ್ಲಿ ೨೦೧೧ರಲ್ಲಿ ಆರಂಭವಾದ ಖಂಡವೊಂದು ಬಹಳ ಪ್ರಸಿದ್ಧವಾಯಿತು. ಅಕ್ಟೋಬರ್ ೩೧ರ ಹ್ಯಾಲೋವೀನ್ ಹಬ್ಬದ ರಾತ್ರಿ ಅಮೆರಿಕದ ಮಕ್ಕಳು ವೇಷಗಳನ್ನು ಧರಿಸಿ ಮನೆಮನೆಗೂ ಹೋಗಿ ಮಿಠಾಯಿಯನ್ನು ಕೂಡಿಸಿಕೊಂಡು ಬರುವರು. ಮರುದಿನ ಬೆಳಗ್ಗೆ ‘ನಿನ್ನ ಮಿಠಾಯಿಯನ್ನೆಲ್ಲ ನಾವು ತಿಂದುಬಿಟ್ಟೆವು’ ಎಂದು ಮಕ್ಕಳಿಗೆ ಹೇಳಿ, ಆಗ ಅವರು ಮಾಡುವುದನ್ನು ಚಿತ್ರಿಸಿ ಯೂಟ್ಯೂಬಿನಲ್ಲಿ ಹಾಕಿರೆಂದು ಕಿಮ್ಮೆಲ್ ಅವರು ತಂದೆತಾಯಿಗಳನ್ನು ಕೇಳಿಕೊಂಡರು. ಹಾಗೆ ಬಂದ ಚಿತ್ರಗಳಲ್ಲಿ ಕೆಲವನ್ನು ಆಯ್ದು ಪೋಣಿಸಿ ಪ್ರಸಾರಮಾಡಿದರು. ಕೆಲವು ಮಕ್ಕಳು ಬಿಕ್ಕಿಬಿಕ್ಕಿ ಅಳುತ್ತವೆ. ಕೆಲವು ನೆಲದ ಮೇಲೆ ಬಿದ್ದು ಹೊರಳುತ್ತವೆ. ಕೆಲವು ಸಿಟ್ಟಾಗಿ ತಂದೆತಾಯಿಗಳನ್ನೇ ಗದರಿಸುತ್ತವೆ. ಒಂದೆರಡು ಮಾತ್ರ ಹೋಗಲಿ ಬಿಡೆಂದು ಸಮಾಧಾನಪಟ್ಟುಕೊಳ್ಳುತ್ತವೆ. ಮುಂದಿನ ವರ್ಷಗಳಲ್ಲಿಯೂ ಈ ಖಂಡವು ಮತ್ತೆ ಮತ್ತೆ ಬಂದಿತು.

ಮೇಲೆ ಹೇಳಿದ ಲಕ್ಷಣವು ಇಲ್ಲಿ ಪೂರ್ಣವಾಗಿ ಹೊಂದುತ್ತದೆ. ಸುಳ್ಳು ಮಗುವಿಗೆ ಅತ್ಯಂತ ಸಂಭಾವ್ಯ: ದೊಡ್ಡವರು ಮಿಠಾಯಿ ತಿನ್ನುವುದು ಅಪೂರ್ವವಲ್ಲ, ಹೇಳುತ್ತಿರುವವಳು ತಾಯಿ. ಹಾನಿ ಪ್ರೇಕ್ಷಕನಿಗೆ ಅಸಂಭಾವ್ಯ: ಮಿಠಾಯಿಯ ಚೀಲ ಒಳಕೋಣೆಯಲ್ಲಿ ಇದ್ದೇ ಇದೆಯೆಂದು ಅವನು ಬಲ್ಲ. ಹಾಸ್ಯಕ್ಕೆ ಕರುಣವು ವಿರೋಧಿಯೆಂದು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಹೇಳಿರುವನಷ್ಟೆ. ಅಳುವ ಮಗುವು ಕರುಣಕ್ಕೆ ಆಲಂಬನವಾಗಬೇಕಾಗಿದ್ದರೂ ಹಾಗಾಗದೆ ಹಾಸ್ಯಕ್ಕೆ ಆಲಂಬನವಾಗುವುದು ಶೋಕದ ಕಾರಣವು ಮಿಥ್ಯೆಯೆಂಬ ಪ್ರೇಕ್ಷಕನ ಜ್ಞಾನದಿಂದಲೇ. ಇದಲ್ಲದೆ ಶೋಕದ ಪ್ರಮಾಣವು ಕಾರಣದ ಪ್ರಮಾಣವನ್ನು ಮೀರಿರುವುದು ಒಂದು ವಿಕೃತಿ. ಒಂದು ಚೀಲ ಮಿಠಾಯಿಗಾಗಿ ರಾಜ್ಯಭ್ರಷ್ಟನಾದ ಅರಸನಂತೆ ವಿಲಪಿಸುವ ನಾಲ್ಕು ವರ್ಷದ ಬಾಲಕನನ್ನು ಕಂಡು ನಗದವರು ವಿರಳ.

ಇಷ್ಟಾದರೂ ಒಂದು ಶಂಕೆ ಉಳಿಯುತ್ತದೆ. ಕಾರಣವು ಮಿಥ್ಯೆಯಾದರೂ ಶೋಕವು ಮಿಥ್ಯೆಯಲ್ಲ. ರಂಗದ ಮೇಲೆ ಅಳುವ ನಟನಿಗೆ ದುಃಖವಿಲ್ಲ. ಈ ಮಗುವಿಗೆ ಇದೆ. ಅದರ ದೋಷವಾದರೂ ಏನು? ದುರಾಶೆಯೆಂದು ಹೇಳುವಂತಿಲ್ಲ, ಮಿಠಾಯಿಯು ಅದು ಮನೆಮನೆಗೂ ತಿರುಗಿ ತಂದುದು. ಮಗುವು ಮೋಸಹೋದುದಕ್ಕೆ ಇರುವ ಕಾರಣ ಒಂದೇ: ತಾಯಿಯ ಮಾತನ್ನು ನಂಬಿದುದು. ಕುಹಕದಿಂದ ಹುಟ್ಟುವ ಹಾಸ್ಯದಲ್ಲಿ ಸಾಮಾನ್ಯವಾಗಿ ಮೂಢನ ಮೌಢ್ಯವೋ ಲೋಭಿಯ ಲೋಭವೋ ಡಾಂಭಿಕನ ಡಂಭವೋ ಬಯಲಾಗುತ್ತದೆ. ಇಲ್ಲಿ ಬಯಲಾಗುವುದು ವಿಶ್ವಾಸ. ಲೋಕದಲ್ಲಿ ಯಾವುದು ದೋಷವಲ್ಲವೋ, ಯಾವುದು ಇಲ್ಲದೆ ಮನೆಯು ಮನೆಯಾಗಲಾರದೋ, ಅದನ್ನೇ ದೋಷದ ಸ್ಥಾನದಲ್ಲಿಟ್ಟು ನಗುವುದು ಈ ಖಂಡದ ಕುಂದು. ತಾಯಿಯೇ ಪ್ರಯೋಕ್ತೃವಾಗಿರುವುದರಿಂದ ಸುಳ್ಳಿನ ಸಂಭಾವ್ಯತೆ ಹೆಚ್ಚಿತು. ಅದೇ ಪ್ರಮಾಣದಲ್ಲಿ ನಿರ್ದಯತೆಯೂ ಹೆಚ್ಚಿತು. ಮಿಠಾಯಿಯನ್ನು ಮತ್ತೆ ಕೈಗಿತ್ತು ಸಂತೈಸಿದ ಮಾತ್ರಕ್ಕೆ ಲೆಕ್ಕವು ತೀರಿತೆಂದು ಹೇಳಲಾಗದು. ಮಗುವಿನ ಅಳುವು ಚಿತ್ರವಾಗಿ ಲೋಕದ ಕಣ್ಣಿಗೆ ಬಿದ್ದಿದೆ, ಮಗು ಬೆಳೆದ ಮೇಲೂ ಅಲ್ಲಿಯೇ ಇರಬಹುದು.

ಆದರೂ ಆ ಪೋಣಿಕೆಯಲ್ಲಿ ಉತ್ತಮವಾದ ಭಾಗವೊಂದುಂಟು. ಕಣ್ಣೀರನ್ನು ತಡೆದುಕೊಂಡು ತಾಯಿಯನ್ನು ಕ್ಷಮಿಸುವ ಶಿಶುವನ್ನು ಕಂಡಾಗ ಪ್ರೇಕ್ಷಕನ ಅಟ್ಟಹಾಸವು ತಟ್ಟನೆ ಇಳಿದು ಸ್ಮಿತವಾಗುತ್ತದೆ. ಅಲ್ಲಿ ನಗೆಯ ಗುರಿಯು ಮಗುವಿನಿಂದ ತಾಯಿಯ ಕಡೆಗೆ ತಿರುಗುತ್ತದೆ. ಪ್ರಯೋಕ್ತೃವೇ ಲಕ್ಷ್ಯವಾಗುವ ಈ ತಿರುವಿನಲ್ಲಿ ನಿರ್ದಯತೆಗೆ ಪ್ರಾಯಶ್ಚಿತ್ತವಿದೆ.

೫

ಅದೇ ಗೋಷ್ಠಿಯ ಇನ್ನೊಂದು ಖಂಡವನ್ನು ಇದರೊಡನೆ ಹೋಲಿಸಿದರೆ ಭೇದವು ಸ್ಪಷ್ಟವಾಗುತ್ತದೆ. ಬೀದಿಯಲ್ಲಿ ಹೋಗುವವರನ್ನು ತಡೆದು, ನಡೆಯದ ಘಟನೆಗಳನ್ನು ನಡೆದುವೆಂಬಂತೆ ಹೇಳಿ, ಅವುಗಳ ಬಗ್ಗೆ ಅಭಿಪ್ರಾಯವನ್ನು ಕೇಳುವುದು ಅದರ ಕ್ರಮ. ೨೦೧೩ರಲ್ಲಿ ಕ್ಯಾಲಿಫೋರ್ನಿಯದ ಕೋಚೆಲ್ಲ ಸಂಗೀತೋತ್ಸವಕ್ಕೆ ಬಂದಿದ್ದ ತರುಣರನ್ನು, ಎಲ್ಲಿಯೂ ಇಲ್ಲದ ವಾದ್ಯಮೇಳಗಳ ಹೆಸರುಗಳನ್ನು ಕಲ್ಪಿಸಿಕೊಂಡು ಪ್ರಶ್ನಿಸಿದರು. ಕೆಲವರು ಆ ಮೇಳಗಳನ್ನು ತಾವು ಬಲ್ಲೆವೆಂದೂ ಅವುಗಳ ಸಂಗೀತ ತಮಗೆ ಮೆಚ್ಚುಗೆಯೆಂದೂ ಉತ್ಸಾಹದಿಂದ ಹೇಳಿದರು.

ಇಲ್ಲಿಯೂ ಸುಳ್ಳು ಸಂಭಾವ್ಯ. ನೂರಾರು ಮೇಳಗಳು ಸೇರುವ ಉತ್ಸವದಲ್ಲಿ ಕೇಳದ ಹೆಸರೊಂದು ಇರುವುದು ಅಸಹಜವಲ್ಲ. ಆದರೆ ಮಗುವಿಗಿಲ್ಲದ ಸ್ವಾತಂತ್ರ್ಯವು ಈ ತರುಣನಿಗಿದೆ. ‘ಕೇಳಿಲ್ಲ’ ಎಂಬ ಒಂದು ಮಾತಿನಿಂದ ಅವನು ಪಾರಾಗಬಹುದಾಗಿತ್ತು. ಸುಳ್ಳನ್ನು ನಂಬಿದುದಕ್ಕಾಗಿ ಅವನನ್ನು ನಗುವುದಿಲ್ಲ; ಆ ಸುಳ್ಳಿಗೆ ತನ್ನದೊಂದು ಸುಳ್ಳನ್ನು ಸೇರಿಸಿದುದಕ್ಕಾಗಿ ನಗುವುದು. ಅರಿಯದುದನ್ನು ಅರಿತೆನೆಂದು ತೋರಿಸುವ ಡಂಭವು ಶುದ್ಧವಾದ ದೋಷೋದಾಹರಣಕ್ಕೆ ವಿಷಯ. ವಿದ್ವತ್ಸಭೆಗಳಲ್ಲಿ ಓದದ ಗ್ರಂಥವನ್ನು ಓದಿದಂತೆ ತಲೆದೂಗಿದವರು ಈ ಖಂಡವನ್ನು ನೋಡಿ ಸ್ವಲ್ಪ ಮುಜುಗರದಿಂದಲೇ ನಗಬೇಕಾಗುತ್ತದೆ. ಆ ಮುಜುಗರವೇ ಖಂಡದ ಯೋಗ್ಯತೆಗೆ ಸಾಕ್ಷಿ.

ಜೇ ಲೆನೊ ಅವರ ‘ಜೇವಾಕಿಂಗ್’ ಎಂಬ ಖಂಡವು ಮೇಲುನೋಟಕ್ಕೆ ಇದರಂತೆಯೇ ಇದೆ. ಅವರು ದಾರಿಹೋಕರನ್ನು ಇತಿಹಾಸ, ಭೂಗೋಳ, ರಾಜ್ಯಾಡಳಿತಗಳಿಗೆ ಸೇರಿದ ಸುಲಭ ಪ್ರಶ್ನೆಗಳನ್ನು ಕೇಳಿ, ಅವರ ತಪ್ಪು ಉತ್ತರಗಳನ್ನು ಪ್ರದರ್ಶಿಸುತ್ತಿದ್ದರು. ಆದರೆ ಅಜ್ಞಾನವು ಡಂಭವಲ್ಲ. ಅರಿಯದವನು ಅರಿಯೆನೆಂದರೂ ಅಲ್ಲಿ ನಗೆಗೀಡಾಗುತ್ತಾನೆ. ಅವನಿಗೆ ಪಾರಾಗುವ ಮಾರ್ಗವೇ ಇಲ್ಲ. ಮೇಲಾಗಿ ಇಂತಹ ಖಂಡಗಳೆಲ್ಲಕ್ಕೂ ಸಾಧಾರಣವಾದ ದೋಷವೊಂದು ಸಂಕಲನದಲ್ಲಿದೆ. ಸರಿಯಾದ ಉತ್ತರವು ನಗಿಸುವುದಿಲ್ಲವಾದುದರಿಂದ ಅದನ್ನು ಕೊಟ್ಟವರು ಪ್ರಸಾರದಲ್ಲಿ ಕಾಣಿಸಿಕೊಳ್ಳುವ ಸಂಭವ ಕಡಮೆ. ತೋರಿಸಿದ ಒಬ್ಬೊಬ್ಬನೂ ನಿಜವಾದವನೇ. ಆದರೆ ಆಯ್ದು ಜೋಡಿಸಿದ ಸಮೂಹದಿಂದ ‘ಜನರೆಲ್ಲ ಹೀಗೆಯೇ’ ಎಂಬ ಅಭಿಪ್ರಾಯವು ಪ್ರೇಕ್ಷಕನಲ್ಲಿ ಹುಟ್ಟಿದರೆ ಅದು ನಿಜವಲ್ಲ. ಹೀಗೆ ಅಂಶಗಳ ಸತ್ಯದಿಂದ ಒಟ್ಟಿನ ಅಸತ್ಯಕ್ಕೆ ಸಂಭಾವ್ಯತೆಯು ಬರುತ್ತದೆ. ಒಬ್ಬನ ಮೇಲಿನ ನಗೆಯು ಎಲ್ಲರ ಮೇಲಿನ ತಿರಸ್ಕಾರವಾಗಿ ಹರಡುತ್ತದೆ.

೬

ಹಾನಿಯನ್ನು ಅಸಂಭಾವ್ಯವಾಗಿ ಮಾಡುವುದಕ್ಕೆ ಇನ್ನೊಂದು ಉಪಾಯವೂ ಉಂಟು, ಅದು ಮುಖವಾಡ. ಓಬ್ರಯನ್ ಅವರ ಗೋಷ್ಠಿಯಲ್ಲಿ ೧೯೯೭ರಿಂದ ಕಾಣಿಸಿಕೊಂಡ ‘ಟ್ರಯಂಫ್’ ಎಂಬ ನಾಯಿಯು ರಾಬರ್ಟ್ ಸ್ಮೈಗೆಲ್ ಎಂಬವರು ಆಡಿಸುವ ಕೈಗೊಂಬೆ. ಬಾಯಲ್ಲಿ ಚುಟ್ಟಾ ಇಟ್ಟುಕೊಂಡು, ವಿದೇಶೀಯ ಉಚ್ಚಾರಣೆಯಿಂದ, ಎದುರಿಗಿದ್ದವರನ್ನು ಬಾಯಿಗೆ ಬಂದಂತೆ ಬಯ್ಯುವುದೇ ಅದರ ಕೆಲಸ. ಮನುಷ್ಯನು ಆಡಿದರೆ ಹೊಡೆದಾಟಕ್ಕೆ ಕಾರಣವಾಗಬಹುದಾದ ಮಾತುಗಳನ್ನು ಆ ಗೊಂಬೆಯು ಆಡಿದಾಗ ಬೈಸಿಕೊಂಡವರೂ ನಗುವರು. ೨೦೦೨ರಲ್ಲಿ ನ್ಯೂಯಾರ್ಕಿನ ಜೀಗ್‌ಫೆಲ್ಡ್ ಚಿತ್ರಮಂದಿರದ ಹೊರಗೆ ‘ಸ್ಟಾರ್ ವಾರ್ಸ್’ ಚಲಚ್ಚಿತ್ರಕ್ಕಾಗಿ ವೇಷಧರಿಸಿ ಸಾಲುಗಟ್ಟಿ ನಿಂತಿದ್ದ ಅಭಿಮಾನಿಗಳನ್ನು ಅದು ಹೀಗಳೆದ ಖಂಡವು ಬಹಳ ಮೆಚ್ಚಿಕೆ ಪಡೆಯಿತು. ಅಲ್ಲಿ ನಿಂದೆಯು ಅತಿಕಟುವಾಗಿದ್ದರೂ ನಿಂದಕನು ಬಟ್ಟೆಯ ನಾಯಿ. ಆ ನಿಂದೆಯಿಂದ ಲೋಕದಲ್ಲಿ ಯಾರ ಸ್ಥಿತಿಯೂ ಬದಲಾಗದು. ನಿಂದಕನು ಅಸಂಭಾವ್ಯನಾದುದರಿಂದ ಹಾನಿಯೂ ಅಸಂಭಾವ್ಯವಾಯಿತು.

ಆದರೆ ಮುಖವಾಡದ ರಕ್ಷಣೆಗೂ ಒಂದು ಮೇರೆಯಿದೆ. ೨೦೦೪ರ ಫೆಬ್ರವರಿಯಲ್ಲಿ ಓಬ್ರಯನ್ ಅವರ ಗೋಷ್ಠಿಯು ಕೆನಡಾದ ಟೊರಾಂಟೋ ನಗರದಲ್ಲಿ ನಡೆಯಿತು. ಪ್ರವಾಸಿಗಳನ್ನು ಆಕರ್ಷಿಸುವ ಉದ್ದೇಶದಿಂದ ಆ ದೇಶದ ಸರಕಾರವು ಹತ್ತು ಲಕ್ಷ ಡಾಲರುಗಳ ಸಹಾಯವನ್ನೂ ಕೊಟ್ಟಿತ್ತು. ಆಗ ಅದೇ ನಾಯಿಗೊಂಬೆಯು ಕ್ವಿಬೆಕ್ ನಗರಕ್ಕೆ ಹೋಗಿ, ಫ್ರೆಂಚ್ ಮಾತನಾಡುವ ಅಲ್ಲಿನ ಜನರನ್ನು ಅವರ ಭಾಷೆಗಾಗಿ ಹಂಗಿಸಿತು. ಉತ್ತರ ಅಮೆರಿಕದಲ್ಲಿರುವವರು ಅಲ್ಲಿನ ಭಾಷೆಯನ್ನು ಕಲಿಯಬೇಕೆಂದು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿತು. ಈ ಬಾರಿ ಕೆನಡಾದಲ್ಲಿ ಕೋಲಾಹಲವೆದ್ದಿತು, ಪಾರ್ಲಿಮೆಂಟಿನಲ್ಲಿಯೂ ಖಂಡನೆಯಾಯಿತು. ಗೊಂಬೆ ಅದೇ, ಬಯ್ಗುಳದ ಧಾಟಿಯೂ ಅದೇ. ವ್ಯತ್ಯಾಸವಾದುದು ಎಲ್ಲಿ? ಚಲಚ್ಚಿತ್ರದ ಅಭಿಮಾನಿಗಳನ್ನು ಲೋಕದಲ್ಲಿ ಯಾರೂ ಬಹಿಷ್ಕರಿಸಿಲ್ಲ. ಕ್ವಿಬೆಕ್ಕಿನವರಾದರೋ ತಮ್ಮ ಭಾಷೆಯ ಉಳಿವಿಗಾಗಿ ಬಹುಕಾಲದಿಂದ ಹೋರಾಡಿದವರು. ೧೯೭೭ರಲ್ಲಿ ಅದಕ್ಕಾಗಿಯೇ ಶಾಸನವನ್ನು ಮಾಡಿಕೊಂಡವರು. ೧೯೯೫ರ ಜನಮತಗಣನೆಯಲ್ಲಿ ದೇಶದಿಂದ ಬೇರ್ಪಡುವ ಪ್ರಶ್ನೆಯು ನೂರಕ್ಕೆ ಎರಡಕ್ಕಿಂತ ಕಡಮೆ ಅಂತರದಿಂದ ಬಿದ್ದುಹೋದುದನ್ನು ಕಂಡವರು. ನಾಯಿಗೊಂಬೆಯು ಆಡಿದ ಮಾತನ್ನು ಅವರು ಮನುಷ್ಯರ ಬಾಯಿಂದಲೂ ಕೇಳಿದ್ದವರು. ಆ ನಿಂದೆಯನ್ನು ನಿಜವಾಗಿ ನಂಬುವವರು ಲೋಕದಲ್ಲಿ ಇರುವರೆಂದಾದ ಮೇಲೆ ಹಾನಿಯು ಅಸಂಭಾವ್ಯವಾಗಿ ಉಳಿಯುವುದೆಂತು? ತಮ್ಮ ನುಡಿಯು ಇತರರ ನಗೆಗೆ ವಸ್ತುವಾದುದನ್ನು ಅನುಭವಿಸಿದ ಯಾವ ಜನಕ್ಕೂ ಈ ಭೇದವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಗುವಿನ ಮುಖವೂ ಒಂದು ಬಗೆಯ ಮುಖವಾಡವೇ. ೨೦೧೩ರ ಅಕ್ಟೋಬರಿನಲ್ಲಿ ಕಿಮ್ಮೆಲ್ ಅವರು ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು, ಅಮೆರಿಕವು ಚೀನಾದೇಶಕ್ಕೆ ತೀರಿಸಬೇಕಾದ ಸಾಲದ ವಿಷಯವಾಗಿ ಪ್ರಶ್ನೆಮಾಡಿದರು. ಒಂದು ಮಗುವು ಚೀನಾದ ಜನರನ್ನೆಲ್ಲ ಕೊಂದುಬಿಡಬೇಕೆಂದಿತು. ಅವರು ಅದನ್ನು ಪರಿಹಾಸವಾಗಿಯೇ ಮುಂದುವರಿಸಿದರು. ಎಳೆಯ ಬಾಯಿಯಲ್ಲಿ ಆ ಮಾತು ಅಸಂಭಾವ್ಯವಾದುದರಿಂದಲೇ ನಗೆ ಬಂದಿತು. ಆದರೆ ಚೀನೀಯರ ಪ್ರವೇಶವನ್ನು ನಿಷೇಧಿಸಿ ೧೮೮೨ರಲ್ಲಿ ಅಮೆರಿಕವು ಮಾಡಿದ ಶಾಸನವು ರದ್ದಾದುದು ೧೯೪೩ರಲ್ಲಿ. ಆ ಚರಿತ್ರೆಯನ್ನು ಬಲ್ಲ ಚೀನೀಮೂಲದ ಅಮೆರಿಕನ್ನರಿಗೆ ಅದು ಅಸಂಭಾವ್ಯವಾಗಿ ಕೇಳಿಸಲಿಲ್ಲ. ಪ್ರತಿಭಟನೆಗಳು ನಡೆದುವು, ಅಧ್ಯಕ್ಷಭವನಕ್ಕೆ ಸಲ್ಲಿಸಿದ ಮನವಿಗೆ ಲಕ್ಷಕ್ಕೆ ಮೀರಿ ಸಹಿಗಳು ಬಿದ್ದುವು, ಕಿಮ್ಮೆಲ್ ಅವರೂ ಪ್ರಸಾರಸಂಸ್ಥೆಯೂ ಕ್ಷಮೆ ಬೇಡಿದರು. ಹಾನಿಯ ಸಂಭಾವ್ಯತೆಯನ್ನು ಅಳೆಯುವಾಗ ಪ್ರಯೋಕ್ತೃವಿನ ಇಂಗಿತವು ಪ್ರಮಾಣವಲ್ಲ, ಲಕ್ಷ್ಯವಾದವರ ಚರಿತ್ರೆಯೇ ಪ್ರಮಾಣ ಎಂಬುದು ಇದರಿಂದ ಸಿದ್ಧವಾಗುತ್ತದೆ.

೭

ಇನ್ನು ಮೂರನೆಯ ವರ್ಗವೊಂದಿದೆ. ಅದರಲ್ಲಿ ಪ್ರೇಕ್ಷಕನೇ ಲಕ್ಷ್ಯ. ೧೯೮೨ರ ಜುಲೈ ತಿಂಗಳಲ್ಲಿ ಲೆಟರ್‌ಮನ್ ಅವರ ಗೋಷ್ಠಿಗೆ ವಿನೋದಗಾರ ಆಂಡಿ ಕಾಫ್‌ಮನ್ ಮತ್ತು ಮೆಂಫಿಸ್ ನಗರದ ಜಟ್ಟಿ ಜೆರ್ರಿ ಲಾಲರ್ ಎಂಬವರು ಬಂದರು. ಹಿಂದೆ ಕುಸ್ತಿಯಲ್ಲಿ ಕಾಫ್‌ಮನ್ನರ ಕತ್ತಿಗೆ ಏಟು ಬಿದ್ದಿತ್ತೆಂದು ಪ್ರಚಾರವಾಗಿದ್ದಿತು. ಮಾತಿಗೆ ಮಾತು ಬೆಳೆದು ಲಾಲರ್ ಅವರು ಕಾಫ್‌ಮನ್ನರ ಕೆನ್ನೆಗೆ ಬಲವಾಗಿ ಹೊಡೆದರು. ಇವರು ಬಯ್ಗುಳಗಳ ಮಳೆಗರೆದು ಕಾಫಿಯನ್ನು ಎರಚಿದರು. ನೋಡಿದವರಲ್ಲಿ ಅನೇಕರು ಅದನ್ನು ನಿಜವಾದ ಜಗಳವೆಂದೇ ನಂಬಿದರು. ಅದು ಇಬ್ಬರೂ ಕೂಡಿ ಹೂಡಿದ ಆಟವೆಂಬುದು ಕಾಫ್‌ಮನ್ ಅವರು ೧೯೮೪ರಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಬಹಿರಂಗವಾಯಿತು. ಇದರಲ್ಲಿ ಸಂಭಾವ್ಯತೆಯು ಅತಿಯಾಗಿ ಸಾಧಿಸಿತು. ಹಾನಿಯೂ ನಿಜವೆಂದು ತೋರಿದುದರಿಂದ ಆ ರಾತ್ರಿ ನಗಬೇಕೋ ಬೇಡವೋ ಎಂಬುದೇ ಜನರಿಗೆ ತಿಳಿಯದೆ ಹೋಯಿತು. ರಹಸ್ಯವು ಹೊರಬಿದ್ದ ಮೇಲೆ ದೊರೆತ ರಸವು ಹಾಸ್ಯಕ್ಕಿಂತ ಅದ್ಭುತಕ್ಕೆ ಹತ್ತಿರವಾದುದು.

೨೦೧೩ರ ಸೆಪ್ಟೆಂಬರಿನ ಕಿಮ್ಮೆಲ್ ಅವರ ಪ್ರಯೋಗವು ಇದಕ್ಕಿಂತ ಸೂಕ್ಷ್ಮವಾಗಿದೆ. ತರುಣಿಯೊಬ್ಬಳು ಕೋಣೆಯ ಬಾಗಿಲಿಗೆ ಕಾಲೂರಿ ತಲೆಕೆಳಗಾಗಿ ಆಗಿನ ಹೊಸ ಬಗೆಯ ಕುಣಿತವನ್ನು ಕುಣಿಯುತ್ತಿರುವಾಗ ಬಾಗಿಲು ತೆರೆದು, ಅವಳು ಉರಿಯುವ ದೀಪಗಳಿದ್ದ ಗಾಜಿನ ಮೇಜಿನ ಮೇಲೆ ಬಿದ್ದು, ಉಡುಪಿಗೆ ಬೆಂಕಿ ತಗಲುವ ಚಿತ್ರವೊಂದು ಯೂಟ್ಯೂಬಿನಲ್ಲಿ ಕಾಣಿಸಿಕೊಂಡಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರು ಅದನ್ನು ನೋಡಿ ನಕ್ಕರು. ವಾರ್ತಾಪ್ರಸಾರಗಳಲ್ಲಿಯೂ ಅದು ನಿಜವಾದ ಘಟನೆಯೆಂದು ತೋರಿಸಲ್ಪಟ್ಟಿತು. ಅನಂತರ ಕಿಮ್ಮೆಲ್ ಅವರು ಅವಳು ಅಪಾಯದ ದೃಶ್ಯಗಳಲ್ಲಿ ನುರಿತ ನಟಿಯೆಂದು ತಿಳಿಸಿ, ಚಿತ್ರದ ಉಳಿದ ಭಾಗವನ್ನೂ ತೋರಿಸಿದರು: ಅವಳಂತೆಯೇ ಉಡುಪು ಧರಿಸಿದ ಕಿಮ್ಮೆಲ್ ಅವರೇ ಬೆಂಕಿಯನ್ನು ಆರಿಸುವ ಉಪಕರಣವನ್ನು ಹಿಡಿದು ಬರುವರು.

ಇಲ್ಲಿ ನಟಿಗೆ ಹಾನಿಯಿಲ್ಲ, ನಿರ್ದಯತೆಯೆಲ್ಲ ನೋಡಿದವರದು. ಹಾನಿಯು ನಿಜವೆಂದು ನಂಬಿಯೂ ನಕ್ಕವರು ಇದ್ದರೆಂಬುದೇ ಆ ಖಂಡದಲ್ಲಿ ಬಯಲಾದ ದೋಷ. ಹಾನಿಯು ಸಂಭಾವ್ಯವಾದರೆ ನಗೆ ನಿಲ್ಲುವುದೆಂದು ಹಿಂದೆ ಹೇಳಿದ ಲಕ್ಷಣಕ್ಕೆ ಇದು ಬಾಧಕವಲ್ಲವೆ ಎಂದರೆ, ಅಲ್ಲ. ಲಕ್ಷಣವು ಸಹೃದಯನ ವಿಷಯದಲ್ಲಿ ಹೇಳಿದುದು. ಬೆಂಕಿಬಿದ್ದವಳನ್ನು ಕಂಡು ನಿಲ್ಲದ ನಗೆಯನ್ನು ಹಿಡಿದು ತೋರಿಸಿ, ನಕ್ಕವನನ್ನೇ ನಾಚಿಸಿದುದರಿಂದ ಆ ಖಂಡವು ಲಕ್ಷಣವನ್ನು ಸಮರ್ಥಿಸುತ್ತದೆ. ಇದೇ ಗೋಷ್ಠಿಯಲ್ಲಿ ೨೦೧೨ರಿಂದ, ಟ್ವಿಟರಿನಲ್ಲಿ ಜನರು ಬರೆದ ನಿಂದಾವಾಕ್ಯಗಳನ್ನು ನಿಂದಿತರಾದ ಪ್ರಸಿದ್ಧರಿಂದಲೇ ಓದಿಸುವ ಖಂಡವು ಬಂದಿತು. ೨೦೧೫ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರೂ ಹಾಗೆ ಓದಿದರು. ಅಲ್ಲಿಯೂ ನಿಂದೆ ನಿಜ. ಆದರೆ ನಿಂದಿತನು ತಾನಾಗಿ ಬಂದು, ನಿಂದೆಯನ್ನು ತನ್ನ ಕಂಠದಿಂದಲೇ ನುಡಿದು, ಅದನ್ನು ಬರೆದವನ ಕ್ಷುದ್ರತೆಯನ್ನು ಸಭೆಯ ಮುಂದೆ ಇಡುತ್ತಾನೆ.

೮

ಇಲ್ಲಿ ಪೂರ್ವಪಕ್ಷವೊಂದು ಸಂಭವಿಸುತ್ತದೆ. ನಗುವಾಗ ಹೃದಯವು ಕ್ಷಣಕಾಲ ಮರಗಟ್ಟಿರಬೇಕೆಂದು ಫ್ರಾನ್ಸಿನ ತತ್ತ್ವಜ್ಞ ಬರ್ಗ್‌ಸನ್ ೧೯೦೦ರಲ್ಲಿ ಹಾಸ್ಯವನ್ನು ಕುರಿತ ತನ್ನ ಗ್ರಂಥದಲ್ಲಿ ಹೇಳಿಲ್ಲವೆ? ಹಾಗಾದರೆ ದಯೆಯ ಲೆಕ್ಕವನ್ನು ಹಾಸ್ಯದೊಳಕ್ಕೆ ತರುವುದು ರಸದೊಳಗೆ ನೀತಿಯನ್ನು ತುರುಕಿದಂತಾಗುವುದಿಲ್ಲವೆ?

ಇದಕ್ಕೆ ಸಮಾಧಾನವಿಷ್ಟು. ಹೃದಯವು ಕ್ಷಣಕಾಲ ಸುಮ್ಮನಿರಬಲ್ಲುದು ಸರಿ. ಆದರೆ ಭಯವಿಲ್ಲವೆಂಬ ನಿಶ್ಚಯವಿದ್ದಾಗ ಮಾತ್ರ ಅದು ಸುಮ್ಮನಿರುತ್ತದೆ. ಆ ನಿಶ್ಚಯವನ್ನು ಕೊಡುವುದು ಹಾನಿಯ ಅಸಂಭಾವ್ಯತೆ. ಅನೌಚಿತ್ಯವನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ನಿರ್ಣಯಿಸಿದುದು ನೀತಿಬೋಧೆಗಾಗಿ ಅಲ್ಲ, ರಸದ ರಕ್ಷಣೆಗಾಗಿ. ಅನೌಚಿತ್ಯವೇ ಹಾಸ್ಯದ ಬೀಜವೂ ಆಗಬಹುದೆಂದು ಅಭಿನವಗುಪ್ತನು ತೋರಿಸಿದ್ದಾನೆ. ಆದರೆ ನಗೆಗೆ ವಿಷಯವಾಗುವ ಅನೌಚಿತ್ಯವು ಲಕ್ಷ್ಯಪುರುಷನದಾಗಿರಬೇಕು. ಪ್ರಯೋಕ್ತೃವಿನದಾದರೆ ಅದು ನಗೆಗೆ ಕಾರಣವಾಗುವ ಬದಲು ನಗೆಯನ್ನೇ ಕೆಡಿಸುತ್ತದೆ. ಕೋಚೆಲ್ಲದ ತರುಣನಲ್ಲಿ ಅನೌಚಿತ್ಯವು ಅವನದೇ; ಮಿಠಾಯಿಯ ಪ್ರಸಂಗದಲ್ಲಿ ಅದು ತಾಯಿಯದು; ಕ್ವಿಬೆಕ್ಕಿನಲ್ಲಿ ಗೊಂಬೆಯನ್ನು ಆಡಿಸಿದವರದು.

ಕೊನೆಯದಾಗಿ ಮತ್ತೆ ಭರತಮುನಿಯ ಕಡೆಗೆ ತಿರುಗಬಹುದು. ಅವನು ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರಾಗಿ ಒಡೆದು, ಎರಡೆರಡನ್ನು ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಹಂಚಿದನು. ಗಮನಿಸತಕ್ಕ ಅಂಶವೇನೆಂದರೆ ಈ ತಾರತಮ್ಯವು ನಗಿಸುವ ವಸ್ತುವಿನದಲ್ಲ, ನಗುವವನದು. ಇತರರು ನಗುವುದನ್ನು ಕಂಡು ಹುಟ್ಟುವ ಹಾಸ್ಯವನ್ನು ಜಗನ್ನಾಥಪಂಡಿತನು ಪರಸ್ಥವೆಂದು ಕರೆದನು. ಟೆಲಿವಿಷನ್ನಿನ ಸಭಾಂಗಣದಲ್ಲಿ ಮೊಳಗುವ ನಗೆಯು ದೂರದ ಮನೆಗಳಲ್ಲಿರುವವರನ್ನೂ ಪರಸ್ಥವಾಗಿಯೇ ನಗಿಸಿಬಿಡುತ್ತದೆ. ತಾನೇಕೆ ನಕ್ಕೆನೆಂದು ಕೇಳಿಕೊಳ್ಳುವ ಬಿಡುವನ್ನು ಅದು ಕೊಡುವುದಿಲ್ಲ. ಆ ಬಿಡುವನ್ನು ಮಾಡಿಕೊಡುವುದೇ ವಿಮರ್ಶೆಯ ಕೆಲಸ. ಮೋಸಹೋದವನಿಗೆ ಪಾರಾಗುವ ದಾರಿಯಿದ್ದಿತೆ, ಬಯಲಾದುದು ಅವನ ದೋಷವೇ ಅಥವಾ ಅವನ ವಿಶ್ವಾಸವೇ, ಆಡಿದ ಮಾತನ್ನು ನಿಜವೆಂದು ನಂಬಿ ನಡೆಯುವವರು ಲೋಕದಲ್ಲಿ ಇಲ್ಲವೆ, ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡ ಮೇಲೆಯೂ ಯಾವ ನಗೆಯು ಉಳಿಯುವುದೋ ಅದು ಸ್ಮಿತವಾದರೂ ಸರಿ, ಅಟ್ಟಹಾಸವಾದರೂ ಸರಿ, ಸಹೃದಯನಿಗೆ ತಕ್ಕುದು.